ಮಗ ಬಳಪ ತಿಂತಾನೆ, ಊಟ ಸಾಕು ಅಂತಾನೆ

ಪ್ರಶ್ನೆ: ಡಾಕ್ಟ್ರೇ, ನಮ್ಮ ಯಜಮಾನರ ಕೆಲಸ ಹೋಗಿ ಐದು ತಿಂಗಳಾಯ್ತು. ಯಾರಿಗೂ ಹೇಳಿಲ್ಲ. ಮಕ್ಕಳು ಉಪವಾಸ ಇಲ್ಲ, ಆದರೆ ಹಾಲು, ಕಾಳು, ತರಕಾರಿ ಒಂದೊಂದಾಗಿ ನಿಂತುಹೋದವು. ಒಂಬತ್ತು ವರ್ಷದ ಮಗನ ತೂಕ ಇಳಿದಿಲ್ಲ, ಆದರೂ ಸದಾ ಸುಸ್ತು. ಕ್ಲಾಸಲ್ಲಿ ತೂಕಡಿಸ್ತಾನೆ ಅಂತ ಟೀಚರ್ ಹೇಳಿದರು. ಮೊನ್ನೆ ಬಟ್ಟೆ ಒಗೆಯುವಾಗ ಅವನ ಜೇಬಲ್ಲಿ ತಂಗಿಯ ಬಳಪ ಸಿಕ್ತು, ಮೇಲೆಲ್ಲ ಹಲ್ಲಿನ ಗುರುತು. ಚೆನ್ನಾಗಿ ಬೈದೆ. ರಾತ್ರಿ ‘ಸಾಕು’ ಅಂತ ಅರ್ಧಕ್ಕೇ ಎದ್ದು ತಟ್ಟೆಯನ್ನು ತಂಗಿ ಕಡೆ ಸರಿಸ್ತಾನೆ. ಒಳ್ಳೆ ಟಾನಿಕ್ ಇದ್ದರೆ ಹೇಳಿ.

ಉತ್ತರ (ಮಕ್ಕಳ ವೈದ್ಯೆ): ಬಳಪಕ್ಕೆ ಇನ್ನು ಬೈಯಬೇಡಿ. ಬಳಪ, ಮಣ್ಣು ತಿನ್ನುವ ಮಕ್ಕಳಲ್ಲಿ ಎಷ್ಟೋ ಸಲ ಕಬ್ಬಿಣದ ಕೊರತೆ ಇರುತ್ತದೆ. ಹೊಟ್ಟೆ ತುಂಬಿದರೂ ಕಬ್ಬಿಣ, ಸತು, ಅಯೋಡಿನ್, ವಿಟಮಿನ್ ಎ ಸಾಲದೇ ಹೋಗುವುದಕ್ಕೇ ‘ಅಡಗಿದ ಹಸಿವು’ ಅನ್ನುವುದು. ತೂಕದ ಯಂತ್ರಕ್ಕೆ ಅದು ಸಿಗುವುದಿಲ್ಲ. ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಅವನ ವಯಸ್ಸಿಗೆ 11.5ಕ್ಕಿಂತ ಕಡಿಮೆ ಬಂದರೆ ರಕ್ತಹೀನತೆ. ಕಬ್ಬಿಣದ ಔಷಧಿಯನ್ನು ತೂಕ ನೋಡಿಯೇ ಕೊಡಬೇಕು, ಹಾಗಾಗಿ ನೀವಾಗಿ ಕೊಳ್ಳಬೇಡಿ. ಕೊಟ್ಟರೆ ಚಿಕ್ಕವಳ ಕೈಗೆ ಸಿಗದ ಹಾಗೆ ಇಡಿ, ಹೆಚ್ಚಾದರೆ ಜೀವಕ್ಕೇ ಅಪಾಯ. ರಕ್ತ ಸರಿಹೋದ ಮೇಲೂ ಎರಡು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ.

ಟಾನಿಕ್‌ಗೆ ಎತ್ತಿಟ್ಟ ದುಡ್ಡಲ್ಲಿ ಕಾಳು, ಸೊಪ್ಪು ತನ್ನಿ. ಮೇಲೆ ನಿಂಬೆಹುಳಿ ಹಿಂಡಿದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆ ಟೀ ಬೇಡ.

ಒಂದು ಕೇಳ್ತೀನಿ. ಮಕ್ಕಳ ಊಟದ ಬಗ್ಗೆ ಇಷ್ಟು ಬರೆದಿದ್ದೀರಿ. ನಿಮ್ಮ ಊಟ?

ಪ್ರಶ್ನೆ: ಅವರದ್ದೆಲ್ಲ ಆದಮೇಲೆ ಮಿಕ್ಕಿದ್ದು. ಮಿಗದಿದ್ದರೆ ‘ನಂದು ಆಗಲೇ ಆಯ್ತು’ ಅಂತೀನಿ.

ಉತ್ತರ: ಹಾಗಾದರೆ ‘ಸಾಕು’ ಅನ್ನೋದನ್ನು ಅವನು ಎಲ್ಲಿ ಕಲಿತ ಅಂತ ನಿಮಗೇ ಗೊತ್ತಾಯ್ತಲ್ಲ. ನನಗೆ ಹೆಚ್ಚು ಸಂಕಟ ಆಗಿದ್ದು ಇದಕ್ಕೇ. ಒಂಬತ್ತು ವರ್ಷದ ಮಗುವಿಗೆ ಮನೆಯಲ್ಲಿ ಏನಾಗ್ತಿದೆ ಅಂತ ತಿಳಿಯುತ್ತದಮ್ಮ, ಯಾರೂ ಬಾಯಿಬಿಟ್ಟು ಹೇಳದಿದ್ದಾಗ ಇನ್ನಷ್ಟು ಹೆದರುತ್ತದೆ. ಅಪ್ಪನ ಕೆಲಸ ಹೋಗಿರೋದನ್ನು ನೀವಿಬ್ಬರೂ ಕೂತು ಹೇಳಿ. ತಂಗಿ ಊಟ ನೋಡಿಕೊಳ್ಳೋದು ಅಪ್ಪ ಅಮ್ಮನ ಜವಾಬ್ದಾರಿ, ನಿನ್ನದಲ್ಲ ಅಂತಲೂ ಹೇಳಿ. ಇವತ್ತು ರಾತ್ರಿ ಇರೋದನ್ನು ನಾಲ್ಕೂ ತಟ್ಟೆಗೆ ಒಟ್ಟಿಗೇ ಬಡಿಸಿ, ನೀವೂ ಜೊತೆಗೆ ಕೂತು ಊಟ ಮಾಡಿ. ಟೀಚರ್ ಹತ್ತಿರ ಮುಚ್ಚಿಡಬೇಡಿ, ಶಾಲೆಯಲ್ಲಿ ಏನಾದರೂ ನೆರವು ಸಿಗುವ ಹಾಗಿದ್ದರೆ ಮೊದಲು ತಿಳಿಯೋದು ಅವರಿಗೆ.

ನಿಮ್ಮ ರಕ್ತವನ್ನೂ ಪರೀಕ್ಷೆ ಮಾಡಿಸಿ, ಬಸುರಿಯಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ ಕನಿಷ್ಠ 12 ಇರಬೇಕು. ವರದಿ ಬಂದ ಮೇಲೆ ಇಬ್ಬರದ್ದನ್ನೂ ಬರೆಯಿರಿ, ಮಗನದ್ದೊಂದೇ ಕಳಿಸಬೇಡಿ.