ಸಹಾಯ ಬೇಕು: ಗಾಳಿಗೆ ಹಾರುವ ಹಿಮ ಎಷ್ಟು ಆವಿಯಾಗುತ್ತದೆ?

ಎಲ್ಲರಿಗೂ ನಮಸ್ಕಾರ. ಅಂಟಾರ್ಕ್ಟಿಕಾದ ಹಾರುಹಿಮದ ಬಗ್ಗೆ ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಭೌತಶಾಸ್ತ್ರ, ಹವಾಮಾನ ವಿಜ್ಞಾನ ಬಲ್ಲವರು ದಯವಿಟ್ಟು ನೋಡಿ.

ಒಣ ಹಿಮದ ಮೇಲೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 7–8 ಮೀಟರ್ ಮುಟ್ಟಿದರೆ ಕಣಗಳು ಏಳತೊಡಗುತ್ತವೆ. ಮೊದಲು ನೆಲದಿಂದ ಕೆಲವೇ ಸೆಂಟಿಮೀಟರ್ ಎತ್ತರಕ್ಕೆ ಕುಪ್ಪಳಿಸುತ್ತವೆ. ಬೀಳುವ ಕಣ ಇನ್ನಷ್ಟು ಕಣಗಳನ್ನು ಸಿಡಿಸುತ್ತದೆ. ಈ ಹೊಡೆತಕ್ಕೆ ಹರಳಿನ ಚೆಂದದ ಕವಲುಗಳೆಲ್ಲ ಮುರಿದು, 0.1 ಮಿಲಿಮೀಟರ್ ಆಸುಪಾಸಿನ ದುಂಡನೆಯ ಕಾಳು ಉಳಿಯುತ್ತದೆ. ಗಾಳಿ ಜೋರಾದರೆ ಸಣ್ಣವು ಸುಳಿಗೆ ಸಿಕ್ಕಿ ಹತ್ತಾರು ಮೀಟರ್ ಮೇಲೇರುತ್ತವೆ. ಇಲ್ಲಿಯವರೆಗೆ ಸರಿ.

ತೇಲುವ ಕಣಕ್ಕೆ ಎಲ್ಲ ಕಡೆಯಿಂದ ಗಾಳಿ ತಾಗುವುದರಿಂದ ಅದು ನೀರಾಗದೆ ನೇರವಾಗಿ ಆವಿಯಾಗುತ್ತದೆ, ಅಂದರೆ ಉತ್ಪತನ. ಹಾಗೆ ಆವಿಯಾಗುತ್ತಾ ಸುತ್ತಲಿನ ಗಾಳಿಯನ್ನು ತಣ್ಣಗಾಗಿಸಿ ತೇವಾಂಶ ತುಂಬುತ್ತದೆ. ಅಂದಮೇಲೆ ಉತ್ಪತನ ತಾನಾಗಿಯೇ ನಿಲ್ಲಬೇಕಲ್ಲವೇ? ಆದರೆ ಅಡೆಲಿ ಲ್ಯಾಂಡ್‌ನಲ್ಲಿ (1912–13ರಲ್ಲಿ ಅನ್ವೇಷಕ ಡಗ್ಲಸ್ ಮಾಸನ್ ತಂಡ ಬಿರುಗಾಳಿಯಲ್ಲಿ ಬದುಕಿದ ಅಂಟಾರ್ಕ್ಟಿಕಾ ಕರಾವಳಿಯ ಜಾಗ) ಹಿಮದ ಪ್ರಸ್ಥಭೂಮಿಯಿಂದ ಕರಾವಳಿಗೆ ಇಳಿಯುವ ಗಾಳಿ ಒತ್ತಡ ಹೆಚ್ಚಿದಂತೆ ಬೆಚ್ಚಗಾಗಿ, ಅದರ ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯಲ್ಲಿ ಹಿಡಿಯಬಲ್ಲ ಆವಿಯಲ್ಲಿ ಎಷ್ಟು ಪಾಲು ಇದೆ ಎಂಬ ಅಳತೆ) ಕುಗ್ಗುತ್ತದೆ. ಮೇಲಿನ ಒಣ ಗಾಳಿಯೂ ಬಂದು ಬೆರೆಯುತ್ತದೆ.

ಈ ಜಗ್ಗಾಟದಲ್ಲಿ ಗೆಲ್ಲುವುದು ಯಾವುದು? ಎತ್ತರಕ್ಕೆ ತಕ್ಕಂತೆ ಉತ್ತರ ಬದಲಾಗುತ್ತದೆಯೇ? ಉತ್ಪತನ ನೆಲದ ಹತ್ತಿರ ನಿಂತುಹೋಗಿ, ಮೇಲೆ ಮುಂದುವರಿಯುತ್ತದೆ ಎಂಬುದು ನನ್ನ ಅಂದಾಜು. ಸಮೀಕರಣ ಹಾಕಿ ವಿವರಿಸಿದರೂ ಸಂತೋಷ, ಹಂತ ಹಂತವಾಗಿ ಇರಲಿ. ಹಿಮಫಲಕಕ್ಕೆ (ಖಂಡವನ್ನು ಮುಚ್ಚಿದ ದಪ್ಪ ಹಿಮದ ಹೊದಿಕೆಗೆ) ಎಷ್ಟು ಹಿಮ ಸೇರುತ್ತದೆ, ಎಷ್ಟು ಕಳೆಯುತ್ತದೆ ಎಂಬ ಲೆಕ್ಕಕ್ಕೆ ಇದು ಮುಖ್ಯ, ಅದಕ್ಕೇ ಇಷ್ಟು ಕೇಳುತ್ತಿದ್ದೇನೆ.