ನಾಲ್ಕು ಆರೋಗ್ಯ ಕೇಂದ್ರಗಳಿಗೆ ಒಂದೇ ಕಚೇರಿ: ಹಣ ಉಳಿಯುತ್ತದೆಯೇ?

ಪ್ರಶ್ನೆ (ಆರೋಗ್ಯ ರಕ್ಷಾ ಸಮಿತಿ ಸದಸ್ಯರು, ಹೊಸನಗರ ತಾಲೂಕು):
ನಮಸ್ಕಾರ ಸರ್. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ವಾರದಲ್ಲಿ ಒಂದು ದಿನವಾದರೂ ಬಿಲ್ಲು, ವೋಚರು, ಇಂಡೆಂಟು (ಸಾಮಗ್ರಿಯ ಬೇಡಿಕೆ ಪಟ್ಟಿ)ಗಳಲ್ಲೇ ಕಳೆದುಹೋಗುತ್ತದೆ. ಅಕ್ಕಪಕ್ಕದ ನಾಲ್ಕು ಕೇಂದ್ರಗಳು ಸೇರಿ ಲೆಕ್ಕ ಬರೆಯಲು ಒಬ್ಬರನ್ನು ಇಟ್ಟುಕೊಂಡು, ಕಂಪ್ಯೂಟರ್ ದುರಸ್ತಿ, ಮುದ್ರಣ, ಶುಚಿತ್ವದ ಸಾಮಗ್ರಿಗಳ ಖರೀದಿಯನ್ನು ಒಟ್ಟಾಗಿ ಮಾಡಿದರೆ ಹಣ ಉಳಿಯುತ್ತದೆ ಎಂದು ಸಮಿತಿಯಲ್ಲಿ ಕೆಲವರು ಹೇಳುತ್ತಿದ್ದಾರೆ. ಹಾಗೆ ಮಾಡಿದರೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂಬುದು ಉಳಿದವರ ಆತಂಕ. ತಾವು ಇಲಾಖೆಯ ಲೆಕ್ಕಪತ್ರ ನೋಡಿದವರು, ದಯವಿಟ್ಟು ತಿಳಿಸಿ.

ಉತ್ತರ (ನಿವೃತ್ತ ಲೆಕ್ಕಾಧಿಕಾರಿ, ಶಿವಮೊಗ್ಗ):
ನಮಸ್ಕಾರ. ಹಣ ಉಳಿಯುತ್ತದೆ, ಆದರೆ ಒಬ್ಬ ಗುಮಾಸ್ತರ ಸಂಬಳದಲ್ಲಿ ಅಲ್ಲ. ಕಾಯಂ ನೌಕರರ ವೇತನದ ಬಿಲ್ಲು ಈಗಾಗಲೇ ಸರ್ಕಾರಿ ನೌಕರರ ವೇತನದ ಗಣಕೀಕೃತ ವ್ಯವಸ್ಥೆಯಾದ ಎಚ್‌ಆರ್‌ಎಂಎಸ್ ಮೂಲಕ ತಯಾರಾಗುತ್ತದೆ. ಕೇಂದ್ರ ಪುರಸ್ಕೃತ ಯೋಜನೆಗಳ ಹಣವನ್ನೂ ಪ್ರತಿ ಯೋಜನೆಗೆ ರಾಜ್ಯದ ಒಂದೇ ನೋಡಲ್ ಸಂಸ್ಥೆಯ ಮೂಲಕ ನಡೆಸುವ ವ್ಯವಸ್ಥೆ 2021ರ ಜುಲೈನಲ್ಲೇ ಬಂತು. ಅಲ್ಲಿ ಹಂಚಿಕೊಳ್ಳಲು ಹೆಚ್ಚೇನೂ ಉಳಿದಿಲ್ಲ.

ಉಳಿತಾಯವಿರುವುದು ಬೇರೆ ಕಡೆ. ಬಯಲುಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಎಂಬುದು ಮಾನದಂಡ. ಜನಸಂಖ್ಯೆ ಕಡಿಮೆಯಾಯಿತೆಂದು ಕಡತ ಕಡಿಮೆಯಾಗುವುದಿಲ್ಲ; ದಾಸ್ತಾನು ಪುಸ್ತಕ, ನಗದು ಪುಸ್ತಕ, ಹಣ ಬಳಕೆ ಪ್ರಮಾಣಪತ್ರ, ಲೆಕ್ಕ ಪರಿಶೋಧನೆಯ ಆಕ್ಷೇಪಣೆಗಳಿಗೆ ಉತ್ತರ, ಇವೆಲ್ಲ ದೊಡ್ಡ ಕೇಂದ್ರಕ್ಕೆ ಎಷ್ಟೋ ಚಿಕ್ಕದಕ್ಕೂ ಅಷ್ಟೇ. ಆ ಹೊರೆಯನ್ನು ನಾಲ್ಕು ಕೇಂದ್ರಗಳು ಕೂಡಿ ಹೊತ್ತರೆ ಮೊದಲು ಉಳಿಯುವುದು ವೈದ್ಯರ ಸಮಯ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ದೊಡ್ಡ ಉಳಿತಾಯ. ಎರಡನೆಯದು ದರ. ಒಂದೇ ತಿಂಗಳಲ್ಲಿ, ಒಂದೇ ಪೇಟೆಯ ಅಂಗಡಿಗಳಿಂದ, ಒಂದೇ ಕಂಪನಿಯ ಫಿನಾಯಿಲನ್ನು ಮೂರು ಕೇಂದ್ರಗಳು ಮೂರು ದರಕ್ಕೆ ಕೊಂಡ ವೋಚರುಗಳನ್ನು ನಾನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಯಾರೂ ತಪ್ಪು ಮಾಡಿರಲಿಲ್ಲ. ಒಬ್ಬರ ದರ ಇನ್ನೊಬ್ಬರಿಗೆ ತಿಳಿದಿರಲಿಲ್ಲ, ಅಷ್ಟೆ.

ಹಂಚಿಕೊಳ್ಳುವುದು ನಮಗೆ ಹೊಸದೂ ಅಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ 75 ಕಿಲೋಮೀಟರ್ ಒಳಗೆ ಸಾಮೂಹಿಕ ಸಂಸ್ಕರಣಾ ಘಟಕದ ಸೇವೆ ಇದ್ದರೆ ಆಸ್ಪತ್ರೆ ತನ್ನದೇ ಘಟಕ ಕಟ್ಟಿಕೊಳ್ಳುವಂತಿಲ್ಲ. ಆದರೂ ಹಳದಿ ಚೀಲಕ್ಕೆ ಏನು, ಕೆಂಪು ಚೀಲಕ್ಕೆ ಏನು ಎಂದು ಬೇರ್ಪಡಿಸುವ ಕೆಲಸ ನಿಮ್ಮ ಕೇಂದ್ರದ ಶುಶ್ರೂಷಕಿಯದೇ. ಆ ಕೆಲಸವನ್ನು ಘಟಕದವರಿಗೆ ವಹಿಸಲು ಬರುವುದಿಲ್ಲ.

ನಿಮ್ಮ ಸಮಿತಿಯ ಆತಂಕಕ್ಕೆ ತಮಿಳುನಾಡಿನ ಪದ್ಧತಿಯಲ್ಲಿ ಉತ್ತರವಿದೆ. ಅಲ್ಲಿ 1994ರಲ್ಲಿ ಸ್ಥಾಪನೆಯಾದ ವೈದ್ಯಕೀಯ ಸೇವಾ ನಿಗಮವು ಇಡೀ ರಾಜ್ಯಕ್ಕೆ ಬೇಕಾದ ಔಷಧವನ್ನು ಒಟ್ಟಿಗೆ ಕೊಳ್ಳುತ್ತದೆ, ಆದರೆ ಪ್ರತಿ ಆಸ್ಪತ್ರೆಗೂ ಅದರ ಪಾಲಿನ ಮೊತ್ತ ನಮೂದಿಸಿದ ಪಾಸ್‌ಬುಕ್ ಇರುತ್ತದೆ. ಉಗ್ರಾಣದಿಂದ ಯಾವ ಔಷಧ, ಎಷ್ಟು ಎಂದು ಇಂಡೆಂಟ್ ಹಾಕುವವರು ಆಸ್ಪತ್ರೆಯವರೇ. ಕೊಳ್ಳುವುದು ಒಟ್ಟಿಗೆ, ಆಯ್ಕೆ ಅವರವರದು. ನಿಮ್ಮ ನಾಲ್ಕು ಕೇಂದ್ರಗಳೂ ಇದನ್ನೇ ಅನುಸರಿಸಲಿ.

ಇಂಗ್ಲೆಂಡಿನ ಒಂದು ಪ್ರಸಂಗವನ್ನೂ ಹೇಳಲೇಬೇಕು. ಅಲ್ಲಿ ಸಾರ್ವಜನಿಕ ಆಸ್ಪತ್ರೆಗಳ ಲೆಕ್ಕ, ವೇತನ, ಖರೀದಿಗಳಿಗಾಗಿ 2005ರಲ್ಲಿ ಸರ್ಕಾರ ಮತ್ತು ಖಾಸಗಿ ಕಂಪನಿಯ ಜಂಟಿ ಸಂಸ್ಥೆಯೊಂದು ಹುಟ್ಟಿತು. ಕೆಲವು ಪ್ರದೇಶಗಳಲ್ಲಿ ತಪ್ಪು ವಿಳಾಸಕ್ಕೆ ಹೋದ ಪತ್ರಗಳನ್ನು ಸರಿಯಾದ ವೈದ್ಯರಿಗೆ ತಲುಪಿಸುವ ಕೆಲಸವೂ ಅದರ ಪಾಲಿಗೆ ಬಂತು. ಪರೀಕ್ಷಾ ವರದಿಗಳೂ ಸೇರಿದಂತೆ ಸುಮಾರು 7,09,000 ಕಾಗದಪತ್ರಗಳು ತಲುಪಬೇಕಾದವರಿಗೆ ತಲುಪದೆ ಉಳಿದಿದ್ದವು ಎಂದು 2017ರಲ್ಲಿ ಅಲ್ಲಿನ ರಾಷ್ಟ್ರೀಯ ಲೆಕ್ಕ ಪರಿಶೋಧನಾ ಕಚೇರಿ ವರದಿ ಮಾಡಿತು. ಕಾಗದ ಸಾಗಿಸುವುದು ಬರೀ ಕಚೇರಿ ಕೆಲಸದಂತೆ ಕಾಣುತ್ತದೆ, ಆದರೆ ಅದರ ತುದಿಯಲ್ಲಿ ಒಬ್ಬ ರೋಗಿ ಇರುತ್ತಾನೆ. ಆದ್ದರಿಂದ ರೋಗಿಯ ಹೆಸರಿರುವ ಯಾವ ಕಾಗದವನ್ನೂ ಹಂಚಿಕೆಯ ಕಚೇರಿಗೆ ಕಳುಹಿಸಬೇಡಿ.

ಪ್ರಶ್ನೆ (ಫಾರ್ಮಸಿ ಅಧಿಕಾರಿ, ತೀರ್ಥಹಳ್ಳಿ ತಾಲೂಕು):
ಸರ್, ನಮ್ಮದು ಅನುಭವದ ಮಾತು. ಕಳೆದ ಮಳೆಗಾಲದಲ್ಲಿ ಉಪಕರಣಗಳನ್ನು ಹಬೆಯಲ್ಲಿ ಶುದ್ಧೀಕರಿಸುವ ನಮ್ಮ ಆಟೋಕ್ಲೇವ್ ಯಂತ್ರ ಕೆಟ್ಟಿತು. ಎಲ್ಲ ಕೇಂದ್ರಗಳಿಗೂ ಸೇರಿ ಮಾಡಿದ ದುರಸ್ತಿ ಗುತ್ತಿಗೆಯವರಿಂದ ದೂರು ಸಂಖ್ಯೆ ಕೂಡಲೇ ಬಂತು, ತಂತ್ರಜ್ಞರು ಬಂದದ್ದು ಹದಿನೇಳನೆಯ ದಿನ. ಅಷ್ಟೂ ದಿನ ಉಪಕರಣಗಳ ಡಬ್ಬಿಯನ್ನು ಬೈಕಿನಲ್ಲಿ ಪಕ್ಕದ ಕೇಂದ್ರಕ್ಕೆ ಒಯ್ದು ಶುದ್ಧೀಕರಿಸಿ ತಂದೆವು. ಮೊದಲಾದರೆ ಪೇಟೆಯ ಮೆಕ್ಯಾನಿಕ್ ಸಂಜೆಗೇ ಬರುತ್ತಿದ್ದರು.

ಉತ್ತರ:
ನಿಮ್ಮ ಬೇಸರ ನ್ಯಾಯವಾದದ್ದೇ. 2015ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ರೂಪಿಸಿದ ವೈದ್ಯಕೀಯ ಉಪಕರಣ ನಿರ್ವಹಣಾ ಕಾರ್ಯಕ್ರಮದಲ್ಲಿ ಉಪಕರಣಗಳು ಸುಸ್ಥಿತಿಯಲ್ಲಿರಬೇಕಾದ ಅವಧಿಯನ್ನು ಜಿಲ್ಲಾ ಆಸ್ಪತ್ರೆಗೆ ಶೇಕಡ 95, ಸಮುದಾಯ ಆರೋಗ್ಯ ಕೇಂದ್ರಕ್ಕೆ 90, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 80 ಎಂದು ನಿಗದಿ ಮಾಡಲಾಗಿದೆ. ಶೇಕಡ 80 ಎಂದರೆ ವರ್ಷದಲ್ಲಿ 73 ದಿನ ಯಂತ್ರ ಕೆಟ್ಟು ನಿಂತರೂ ಕರಾರು ಮುರಿದಂತಾಗುವುದಿಲ್ಲ. ನಮ್ಮ ಕಡೆ ಆ 73 ದಿನಗಳು ವರ್ಷವಿಡೀ ಹರಡಿಕೊಂಡು ಬರುವುದಿಲ್ಲ. ಕರೆಂಟು ಹೋಗಿ, ಮರ ಬಿದ್ದು ರಸ್ತೆ ಕಟ್ಟಿಕೊಳ್ಳುವ ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಬಂದು ಕೂರುತ್ತವೆ.

ಹಾಗಾಗಿ ಹೊಸನಗರದವರು ತಮ್ಮ ದುರಸ್ತಿ ಗುತ್ತಿಗೆಯಲ್ಲಿ ವರ್ಷದ ಸರಾಸರಿಯನ್ನು ನಂಬದೆ, ಮಳೆಗಾಲದಲ್ಲಿ ದೂರು ಕೊಟ್ಟ ಎಷ್ಟು ದಿನದೊಳಗೆ ಬರಬೇಕು, ಬಾರದಿದ್ದರೆ ಬದಲಿ ಯಂತ್ರ ಯಾರು ಕೊಡಬೇಕು ಎಂದು ದಿನಗಳ ಲೆಕ್ಕದಲ್ಲೇ ಬರೆಯಿಸಲಿ. ಸಣ್ಣ ದುರಸ್ತಿಗೆ ಸ್ಥಳೀಯ ಮೆಕ್ಯಾನಿಕ್‌ರನ್ನು ಕರೆಯುವಷ್ಟು ಹಣವನ್ನು ಆಯಾ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಕೈಯಲ್ಲೇ ಉಳಿಸಿಕೊಳ್ಳಲಿ.

ಪ್ರಶ್ನೆ (ಮೊದಲು ಕೇಳಿದ ಸದಸ್ಯರು):
ಧನ್ಯವಾದಗಳು ಸರ್. ಮುಂದಿನ ಸಭೆಯಲ್ಲಿ ಠರಾವು ಮಾಡುವುದಾದರೆ ಎಲ್ಲಿಂದ ಆರಂಭಿಸುವುದು?

ಉತ್ತರ:
ಮೊದಲು ಮುದ್ರಣ ಮತ್ತು ಶುಚಿತ್ವ ಸಾಮಗ್ರಿ, ಒಂದು ವರ್ಷದ ಮಟ್ಟಿಗೆ. ಲೆಕ್ಕ ಬರೆಯುವವರ ವಿಷಯ ಆಮೇಲೆ. ನಾಲ್ಕೂ ಕೇಂದ್ರಗಳ ಹಿಂದಿನ ವರ್ಷದ ವೋಚರುಗಳಿಂದ ದರಪಟ್ಟಿಯೊಂದನ್ನು ಈಗಲೇ ಬರೆದಿಡಿ. ಅದಿಲ್ಲದೆ ಉಳಿದದ್ದೆಷ್ಟು ಎಂದು ಮುಂದೆ ಯಾರೂ ಹೇಳಲಾರರು. ಬೇಡಿಕೆ ಒಟ್ಟುಗೂಡಿದಾಗ ಮೊತ್ತ ಟೆಂಡರ್ ಮಿತಿಯನ್ನು ದಾಟಬಹುದು. ಆಗ ಸರ್ಕಾರಿ ಖರೀದಿಗೆ ಸಂಬಂಧಿಸಿದ ಕರ್ನಾಟಕದ 1999ರ ಪಾರದರ್ಶಕತೆ ಅಧಿನಿಯಮದಂತೆ ಟೆಂಡರ್ ಕರೆಯಬೇಕಾಗುತ್ತದೆ, ಆದ್ದರಿಂದ ಠರಾವಿನ ಪ್ರತಿಯನ್ನು ಮೊದಲೇ ತಾಲೂಕು ಆರೋಗ್ಯಾಧಿಕಾರಿಗಳಿಗೆ ಕೊಟ್ಟು ಅವರ ಕಚೇರಿಯ ಮೂಲಕವೇ ಮುಂದುವರಿಯಿರಿ. ಯಾವುದೇ ಕೇಂದ್ರವು ಮೂರು ತಿಂಗಳ ನೋಟಿಸು ಕೊಟ್ಟು ಹೊರಬರಬಹುದು ಎಂಬ ಸಾಲನ್ನು ಠರಾವಿನಲ್ಲಿ ಮರೆಯದೆ ಸೇರಿಸಿ.