ಮುಖ ಸೋತದ್ದು ಬಲಕ್ಕೆ, ಕೈಕಾಲು ಎಡಕ್ಕೆ: ಇದು ಪಕ್ಷವಾತವಾ?

ಪ್ರಶ್ನೆ (ಬದಿಯಡ್ಕ): ಡಾಕ್ಟ್ರೇ, ನನ್ನ ಸೋದರಮಾವನಿಗೆ 58 ವರ್ಷ. ಬಿಪಿ, ಶುಗರ್ ಎರಡೂ ಉಂಟು. ನಿನ್ನೆ ಸಂಜೆ ತೋಟದಲ್ಲಿ ಅಡಿಕೆ ಹೆಕ್ಕುವಾಗ ಮುಖದ ಬಲಭಾಗ ಜೋತುಬಿತ್ತು, ಬಲಗಣ್ಣು ಮುಚ್ಚಲಿಕ್ಕೇ ಆಗಲಿಲ್ಲ. ಆದರೆ ಸೋತದ್ದು ಎಡಗೈ, ಎಡಗಾಲು. ಎಲ್ಲ ಎರಡೆರಡು ಕಾಣುತ್ತದೆ ಅಂದರು. ಅರ್ಧ ಗಂಟೆಯಲ್ಲಿ ಸರಿಹೋಯಿತು. ಪಕ್ಷವಾತವಾದರೆ ಎಲ್ಲ ಒಂದೇ ಬದಿ ಹೋಗಬೇಕಲ್ಲ, ಇದು ಪಿತ್ತ ಅಂತ ಮನೆಯಲ್ಲಿ ಹೇಳುತ್ತಾರೆ. ಸೋಮವಾರ ಮಂಗಳೂರಿಗೆ ಹೋದರೆ ಸಾಕಾ?

ಉತ್ತರ: ಸಾಲದು. ಈಗಲೇ ಹೊರಡಿ, ಉಳಿದದ್ದನ್ನು ದಾರಿಯಲ್ಲಿ ಓದಿ. ಸ್ಕ್ಯಾನ್ ಮತ್ತು ನ್ಯೂರೋ ಡಾಕ್ಟರ್ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಿ, ಒಪಿ ಚೀಟಿಗೆ ಸಾಲು ನಿಲ್ಲಬೇಡಿ.

ಮೆದುಳಿನ ಕೆಳಗೆ, ಕತ್ತಿನ ಮೇಲ್ತುದಿಗೆ ಮೆದುಳುಕಾಂಡ ಇರುತ್ತದೆ. ಮುಖದ ನರ ಅಲ್ಲಿಂದ ತನ್ನ ಬದಿಗೇ ಹೊರಡುತ್ತದೆ. ಕೈಕಾಲಿನ ನರತಂತುಗಳು ಇನ್ನೂ ಕೆಳಗಿಳಿದು ಆಚೆ ಬದಿಗೆ ದಾಟುತ್ತವೆ. ಆ ನಡುವೆ ಬಲಭಾಗದಲ್ಲಿ ರಕ್ತ ನಿಂತರೆ ಮುಖ ಬಲಕ್ಕೆ, ಕೈಕಾಲು ಎಡಕ್ಕೆ ಸೋಲುತ್ತದೆ. ಬದಿ ಅಡ್ಡಾದಿಡ್ಡಿಯಾದದ್ದೇ ಮೆದುಳುಕಾಂಡದ ಪಕ್ಷವಾತಕ್ಕೆ (ಸ್ಟ್ರೋಕ್) ಗುರುತು. ಹೀಗೆಯೇ ಒಂದು ಕಣ್ಣಿನ ರೆಪ್ಪೆ ಜೋತು ಬಿದ್ದು, ಆಚೆ ಬದಿಯ ಕೈಕಾಲು ಸೋಲುವುದೂ ಉಂಟು. ನಾಲ್ಕೂ ಕೈಕಾಲು ಒಟ್ಟಿಗೆ ಸೋಲಬಹುದು. ಈಗ ಬಲ, ಸ್ವಲ್ಪ ಹೊತ್ತಿಗೆ ಎಡ, ಮತ್ತೆ ಸರಿ ಅಂತ ಆಟ ಆಡಿಸುವುದೂ ಉಂಟು. ಹಿಂಬದಿಯ ದೊಡ್ಡ ರಕ್ತನಾಳ ಪೂರ್ತಿ ಕಟ್ಟುವ ಮುಂಚೆ ಹಾಗಾಗುವುದು ನನಗೆ ಹೆಚ್ಚು ಹೆದರಿಕೆ. ಸರಿಹೋಯಿತು ಅಂತ ಸಮಾಧಾನ ಪಡಬೇಡಿ. ಇಂಥದ್ದರ ಬೆನ್ನಿಗೆ ಬರುವ ದೊಡ್ಡ ಸ್ಟ್ರೋಕ್ ಹೆಚ್ಚಾಗಿ ಮೊದಲ ಎರಡು ದಿನದೊಳಗೇ ಬರುವುದು.

ಪ್ರಶ್ನೆ (ಕುಂಬಳೆ): ಕೈಕಾಲು ಸೋಲದೆಯೂ ಆಗುತ್ತದಾ ಸರ್?

ಉತ್ತರ: ಆಗುತ್ತದಮ್ಮ. ಪಕ್ಷವಾತ ಗುರುತಿಸಲು ಮುಖ, ಕೈ, ಮಾತು ನೋಡಿ ಅನ್ನುವ ಪೋಸ್ಟರ್ ಒಳ್ಳೆಯದೇ, ಆದರೆ ಇಂಥವರು ಅದರಲ್ಲಿ ತಪ್ಪಿಹೋಗುತ್ತಾರೆ. ಇದ್ದಕ್ಕಿದ್ದಂತೆ ತಲೆತಿರುಗು, ಒಂದೇ ಬದಿಗೆ ವಾಲುವುದು, ನುಂಗಲಾಗದಿರುವುದು, ಸ್ವರ ಒಡೆಯುವುದು, ನಿಲ್ಲದ ಬಿಕ್ಕಳಿಕೆ. ಮುಖದ ಒಂದು ಬದಿಗೂ ಮೈಯ ಆಚೆ ಬದಿಗೂ ಬಿಸಿ-ತಣ್ಣಗೆ ಗೊತ್ತಾಗದಿರಬಹುದು. ಗ್ಯಾಸ್ ಅಂತ ಮಾತ್ರೆ ನುಂಗಿ ಮಲಗುವುದು ಇವರೇ.

ಪ್ರಶ್ನೆ (ಉಪ್ಪಳ): ಸಿಟಿ ನಾರ್ಮಲ್ ಬಂದರೆ ಧೈರ್ಯ ಅಲ್ವಾ?

ಉತ್ತರ: ಅಲ್ಲ. ರಕ್ತಸ್ರಾವ ಇಲ್ಲ ಅಂತ ಅದು ಹೇಳುತ್ತದೆ. ಮೆದುಳುಕಾಂಡದ ಹೊಸ ಸ್ಟ್ರೋಕ್ ಸಿಟಿಯಲ್ಲಿ ಕಾಣದೇ ಹೋಗುವುದು ಮಾಮೂಲು, ಎಂಆರ್‌ಐಯಲ್ಲೂ ಮೊದಲ ದಿನ ಕೆಲವೊಮ್ಮೆ ತಪ್ಪುತ್ತದೆ. ರಕ್ತನಾಳದ ಚಿತ್ರವೂ ಬೇಕಾ ಅಂತ ಕೇಳಿ.

ಬದಿಯಡ್ಕದವರು: ಹೊರಟೆವು ಡಾಕ್ಟ್ರೇ. ದಾರಿಯಲ್ಲಿ ಬೊಂಡ ಕುಡಿಸಬಹುದಾ?

ಉತ್ತರ: ಬೇಡ. ನುಂಗುವ ನರಗಳೂ ಅಲ್ಲಿಯವೇ, ಶ್ವಾಸಕೋಶಕ್ಕೆ ಇಳಿದೀತು. ಸ್ಕ್ಯಾನ್ ಆಗುವವರೆಗೆ ಆಸ್ಪಿರಿನ್ ಕೂಡ ಬೇಡ. ಮತ್ತೆ ಸೋಲು ಶುರುವಾದರೆ ಗಂಟೆ ನೋಡಿ ಬರೆದಿಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವು. ದೊಡ್ಡ ನಾಳ ಕಟ್ಟಿದ್ದರೆ ಕೆಲವರಿಗೆ 24 ಗಂಟೆಯವರೆಗೂ ತಂತಿ ಹಾಕಿ ಹೆಪ್ಪು ತೆಗೆಯಬಹುದು. ಅವರ ಮಾತ್ರೆಗಳ ಚೀಟಿ ಕೈಯಲ್ಲಿರಲಿ.